ಬಾಗಿಲಿನ ಚಿಲಕವೂ ಶಹಾಬಾದ್ ಫರಸಿಯೂ

ಕಲಬುರಗಿಯ ನಮ್ಮ ಮನೆಯ ಡಿಶ್‌ವಾಶರ್ ಕಳೆದ ಬೇಸಿಗೆಯ ಒಂದು ರಾತ್ರಿ, ಬಾಗಿಲು ಹಾಕಿದರೂ ಶುರುವಾಗಲಿಲ್ಲ. ದೀಪ ಉರಿಯುತ್ತಿತ್ತು, ಗುಂಡಿ ಒತ್ತಿದರೆ ಬೀಪ್ ಎನ್ನುತ್ತಿತ್ತು, ನೀರು ಮಾತ್ರ ಒಳಗೆ ಬರುತ್ತಿರಲಿಲ್ಲ. ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದರೆ ನಡೆಯುತ್ತಿತ್ತು, ಕಾಲು ತೆಗೆದ ಕೂಡಲೇ ನಿಲ್ಲುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಒಬ್ಬರು ಬಾಗಿಲನ್ನೇ ಬದಲಿಸಬೇಕೆಂದರು. ಮೊಣಕಾಲಿನ ಒತ್ತಡಕ್ಕೆ ಓಡುವ ಯಂತ್ರದಲ್ಲಿ ಪಂಪು, ಹೀಟರು, ಬೋರ್ಡು ಎಲ್ಲವೂ ಸರಿಯಾಗಿಯೇ ಇರಬೇಕಲ್ಲವೇ? ದೋಷವಿರುವುದು ಚಿಲಕದ ಸುತ್ತಲಿನ ಕೆಲವೇ ಮಿಲಿಮೀಟರುಗಳಲ್ಲಿ ಎಂದು ನನಗೆ ಆಗಲೇ ಅನ್ನಿಸಿತು.

ಈ ಯಂತ್ರದ ಚಿಲಕ ಕೋಣೆಯ ಬಾಗಿಲಿನ ಚಿಲಕದಂತಲ್ಲ. ಬಾಗಿಲಿನ ಮೇಲಂಚಿನಲ್ಲಿರುವ ಬಾಯಿಯೊಳಕ್ಕೆ ಯಂತ್ರದ ಮೈಯಲ್ಲಿರುವ ಕೊಂಡಿ ಹೊಕ್ಕಾಗ ಒಂದು ಸ್ಪ್ರಿಂಗ್ ಅದನ್ನು ಕಚ್ಚಿ ಹಿಡಿಯುತ್ತದೆ. ಅದೇ ಚಲನೆಯಲ್ಲಿ ಪಕ್ಕದ ಸಣ್ಣ ಸ್ವಿಚ್ಚಿನ ಮೊಳೆಯೂ ಒತ್ತಿಕೊಳ್ಳುತ್ತದೆ. ಆ ಸ್ವಿಚ್ಚು ಕೂಡಿಕೊಳ್ಳದ ಹೊರತು ಪಂಪಾಗಲಿ ಹೀಟರಾಗಲಿ ಚಾಲೂ ಆಗದಂತೆ ಯಂತ್ರವನ್ನು ಕಟ್ಟಿರುತ್ತಾರೆ, ಏಕೆಂದರೆ ಒಳಗೆ ಐವತ್ತು ಅರವತ್ತು ಡಿಗ್ರಿಯ ನೀರು ರಭಸದಿಂದ ಚಿಮ್ಮುತ್ತಿರುವಾಗ ಯಾರಾದರೂ ಬಾಗಿಲು ತೆರೆದರೆ ಮುಖ ಸುಡುವುದು ಖಂಡಿತ. ಹೀಗಾಗಿ ಕೊಂಡಿ ಮುಕ್ಕಾಲು ಭಾಗ ಹೊಕ್ಕು ನಿಂತರೆ ಕಣ್ಣಿಗೆ ಬಾಗಿಲು ಮುಚ್ಚಿದಂತೆ ಕಂಡರೂ ಯಂತ್ರದ ಲೆಕ್ಕದಲ್ಲಿ ಅದು ತೆರೆದೇ ಇರುತ್ತದೆ.

ಮೈಕ್ರೋಸ್ವಿಚ್ ಎಂದು ಕರೆಯುವ ಈ ಸಾಧನವನ್ನು 1932ರಲ್ಲಿ ರೂಪಿಸಿದವರು ಅಮೆರಿಕದ ಪೀಟರ್ ಮೆಕ್‌ಗಾಲ್. ನಮ್ಮ ಶರಣಬಸವೇಶ್ವರ ಜಾತ್ರೆಯಲ್ಲಿ ಚಿಕ್ಕಂದಿನಲ್ಲಿ ಕೊಂಡ ತಗಡಿನ ಕಪ್ಪೆಯನ್ನು ನೆನಪಿಸಿಕೊಂಡರೆ ಅದರ ಗುಟ್ಟು ಅರ್ಥವಾಗುತ್ತದೆ. ಕಪ್ಪೆಯ ಹೊಟ್ಟೆಯ ತಗಡನ್ನು ಬೆರಳಿನಿಂದ ಎಷ್ಟೇ ನಿಧಾನವಾಗಿ ಒತ್ತಿದರೂ ಒಂದು ಹಂತದವರೆಗೆ ಏನೂ ಆಗದೆ, ಆ ಹಂತ ದಾಟಿದೊಡನೆ ಅದು ತಾನಾಗಿ ಟಕ್ಕೆಂದು ಆ ಕಡೆಗೆ ಮಗುಚಿಕೊಳ್ಳುತ್ತದೆ. ಸ್ವಿಚ್ಚಿನೊಳಗಿನ ತಾಮ್ರಮಿಶ್ರಿತ ಪಟ್ಟಿಯೂ ಹಾಗೆಯೇ. ಎರಡು ಲೋಹದ ತುದಿಗಳು ನಿಧಾನವಾಗಿ ದೂರವಾದರೆ ನಡುವೆ ವಿದ್ಯುತ್ ಕಿಡಿ ಹೊತ್ತಿ ತುದಿಗಳು ಸುಟ್ಟು ಕರಕಲಾಗುತ್ತವೆ. ಕ್ಷಣಾರ್ಧದಲ್ಲಿ ಬೇರ್ಪಟ್ಟರೆ ಕಿಡಿಗೆ ಅಷ್ಟು ಅವಕಾಶವಿರುವುದಿಲ್ಲ. ಬಾಗಿಲು ಹಾಕುವಾಗ ಕಿವಿಗೊಟ್ಟು ಕೇಳಿದರೆ ಚಿಲಕದ ದಪ್ಪ ಸದ್ದಿನೊಳಗೆ ಈ ಸಣ್ಣ ಟಕ್ ಬೇರೆಯಾಗಿಯೇ ಕೇಳುತ್ತದೆ. ನಮ್ಮ ಯಂತ್ರದಲ್ಲಿ ಅದು ಕೇಳುತ್ತಿರಲಿಲ್ಲ.

ಬಿಚ್ಚುವ ಮೊದಲು ನೋಡಬೇಕಾದದ್ದು ಒಳಗಿನ ಪಾತ್ರೆಗಳನ್ನು. ಜೋಳದ ಹಿಟ್ಟು ನಾದುವ ಪರಾತವನ್ನು ಕೆಳಗಿನ ತಟ್ಟೆಗೆ ಒತ್ತಾಯದಿಂದ ತುರುಕಿದರೆ ಅದರ ಅಂಚು ಬಾಗಿಲನ್ನು ಒಳಗಿನಿಂದ ಹೊರಕ್ಕೆ ದೂಡುತ್ತದೆ. ನಾನು ಪರಾತ ತೆಗೆದು ನೋಡಿದೆ, ಪರಿಸ್ಥಿತಿ ಬದಲಾಗಲಿಲ್ಲ.

ಎರಡನೆಯದು ನೆಲ. ನಮ್ಮ ಅಡುಗೆಮನೆಗೆ ಹಾಸಿರುವುದು ಶಹಾಬಾದ್ ಫರಸಿ, ಅಂದರೆ ನಮ್ಮ ಸೀಮೆಯ ಸುಣ್ಣದ ಕಲ್ಲಿನ ಚಪ್ಪಡಿ. ಪದರು ಪದರಾಗಿ ಎಬ್ಬಿಸಿ ತೆಗೆದ ಕಲ್ಲಾದ್ದರಿಂದ, ಹಳೆಯ ಮನೆಗಳಲ್ಲಿ ಒಂದು ಫರಸಿಗೂ ಪಕ್ಕದ್ದಕ್ಕೂ ಕೂದಲೆಳೆಯಷ್ಟಾದರೂ ಏರುಪೇರು ಇದ್ದೇ ಇರುತ್ತದೆ. ಮೂರು ಬಿಂದುಗಳಿಗೆ ಸದಾ ಒಂದೇ ಸಮತಲ ಸಿಕ್ಕುವುದರಿಂದ ಮೂರು ಕಲ್ಲಿನ ಒಲೆಯ ಮೇಲಿಟ್ಟ ಗಡಿಗೆ ಎಂದೂ ಅಲುಗುವುದಿಲ್ಲ. ಆದರೆ ಡಿಶ್‌ವಾಶರಿಗೆ ಇರುವುದು ನಾಲ್ಕು ಕಾಲು, ಅವುಗಳಲ್ಲಿ ಒಂದು ತೂಗಾಡಿದರೂ ತಗಡಿನ ಮೈ ತುಸು ತಿರುಚಿಕೊಂಡು ಕೊಂಡಿ ಚಿಲಕದ ಬಾಯಿಗೆ ಓರೆಯಾಗಿ ಬರುತ್ತದೆ. ಗೌಂಡಿಯೊಬ್ಬರಿಂದ ರಸಮಟ್ಟ ತಂದು ಯಂತ್ರದ ನೆತ್ತಿಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಇಟ್ಟಾಗ ಎಡ ಮುಂಗಾಲು ನೆಲಕ್ಕೆ ತಾಗದಿರುವುದು ತಿಳಿಯಿತು. ಕಾಲನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಇಳಿಸಿದ ಮೇಲೆ ಬಾಗಿಲು ಮೊದಲಿಗಿಂತ ಹಗುರವಾಗಿ ಮುಚ್ಚಿತು, ಆದರೂ ಟಕ್ ಎನ್ನಲಿಲ್ಲ.

ಇನ್ನು ಬಿಚ್ಚಲೇಬೇಕಾಯಿತು. ಪ್ಲಗ್ ಕಿತ್ತು, ಕೆಲವು ನಿಮಿಷ ಬಿಟ್ಟು, ಬಾಗಿಲಿನ ಒಳಮೈಯ ಸುತ್ತಲಿನ ನಕ್ಷತ್ರ ತಲೆಯ ಸ್ಕ್ರೂಗಳನ್ನು ತೆಗೆದೆ. ತಂತಿಗಳನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಸ್ವಿಚ್ಚಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು ಮೊಳೆಯನ್ನು ಬೆರಳಿನಿಂದ ಒತ್ತಿದರೆ ಬೀಪ್ ಬಂತು, ಬಿಟ್ಟರೆ ನಿಂತಿತು. ಸ್ವಿಚ್ಚು ಆರೋಗ್ಯವಾಗಿತ್ತು. (ಸ್ವಿಚ್ಚು ಸತ್ತಿದ್ದರೆ ಎರಡು ತಂತಿಗಳನ್ನು ಹೆಣೆದು ಯಂತ್ರ ಓಡಿಸುವ ಉಪಾಯವನ್ನು ಹೇಳುವವರಿದ್ದಾರೆ; 230 ವೋಲ್ಟಿನ ಹೀಟರು ಬಾಗಿಲು ತೆರೆದಾಗಲೂ ಉರಿಯುತ್ತಿರುತ್ತದೆ ಎಂಬುದಷ್ಟೇ ಅದರ ಅರ್ಥ.) ಚಿಲಕದ ಬಾಯಿಯಲ್ಲಿ ಮಾತ್ರ ಉಗುರಿಗೆ ಗರಗರ ಸಿಗುವ ಬಿಳಿಯ ಪೊರೆ ಕಟ್ಟಿತ್ತು, ಅದರೊಳಗೆ ಒಣಗಿದ ಜೋಳದ ಹಿಟ್ಟು ಅಂಟಿನಂತೆ ಕೂತಿತ್ತು. ಸ್ಪ್ರಿಂಗು ತನ್ನ ಓಟದ ಕೊನೆಯ ಒಂದೆರಡು ಮಿಲಿಮೀಟರನ್ನು ಮುಗಿಸಲಾರದೆ ನಿಂತಿತ್ತು.

ಆ ಪೊರೆ ಎಲ್ಲಿಂದ ಬಂತು ಎಂಬುದು ಈ ಇಡೀ ರಿಪೇರಿಯಲ್ಲಿ ನನಗೆ ಅತ್ಯಂತ ಹಿಡಿಸಿದ ಸಂಗತಿ. ಸುಣ್ಣದ ಕಲ್ಲಿನ ಸೀಮೆಯಲ್ಲಿ, ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಕರಗಿಸಿಕೊಳ್ಳುತ್ತದೆ. ಬೋರಿನಿಂದ ಮೇಲೆ ಬಂದ ಆ ನೀರನ್ನು ಯಂತ್ರ ಕಾಯಿಸಿದಾಗ ಅನಿಲ ಹಾರಿಹೋಗಿ ಕಾರ್ಬೊನೇಟು ಮತ್ತೆ ಗಟ್ಟಿಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂದೂ, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಎಂದೂ ಮಿತಿ ಇಟ್ಟಿದೆ. 600ರ ನೀರು ಒಂದು ಲೀಟರ್ ಆವಿಯಾದರೆ ಅರ್ಧ ಗ್ರಾಮಿಗೂ ಹೆಚ್ಚು ಪುಡಿ ಉಳಿಯಬಲ್ಲದು. ಶಹಾಬಾದ್, ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾದದ್ದೂ, ನಾವು ಓಡಾಡುವ ಫರಸಿಯಲ್ಲಿ ಮುಖ್ಯವಾಗಿರುವುದೂ, ಚಿಲಕದ ಬಾಯಿ ಕಟ್ಟಿದ್ದೂ ಒಂದೇ ವಸ್ತು. ಯಂತ್ರದೊಳಗಿನ ಉಪ್ಪಿನ ಡಬ್ಬಿ ಇರುವುದು ಈ ಕ್ಯಾಲ್ಸಿಯಮ್ಮನ್ನು ಹಿಡಿದು ಅದರ ಜಾಗಕ್ಕೆ ಸೋಡಿಯಂ ಬಿಡುವ ರಾಳವನ್ನು ಮತ್ತೆ ಮತ್ತೆ ಸಜ್ಜುಗೊಳಿಸಲೆಂದು. ನಾವು ತಿಂಗಳುಗಟ್ಟಲೆ ಅದನ್ನು ತುಂಬಿರಲಿಲ್ಲ.

ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಬಿಸಿನೀರಿನಲ್ಲಿ ಕದಡಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚಿಲಕಕ್ಕೆ ಹಚ್ಚಿದಾಗ ಪೊರೆ ಸಣ್ಣ ಗುಳ್ಳೆಗಳನ್ನೆಬ್ಬಿಸಿ ಕರಗಿತು. ಒರೆಸಿ ಒಣಗಿಸಿದ ಮೇಲೆ ಮನೆಯವರು ಕುಸುಬಿ ಎಣ್ಣೆಯ ಬಟ್ಟಲು ಚಾಚಿದರು, ನಾನು ಬೇಡವೆಂದೆ. ಕುಸುಬಿ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಅಂಟಾಗಿ ಒಣಗುವ ಜಾತಿಯದು, ಅದನ್ನು ಬಣ್ಣ ತಯಾರಿಕೆಗೆ ಬಳಸುವುದೂ ಆ ಗುಣಕ್ಕಾಗಿಯೇ. ಚೂರು ಸಿಲಿಕೋನ್ ಗ್ರೀಸು ಸಾಕಾಯಿತು.

ಬಾಗಿಲು ಹಾಕಿದೆ, ಟಕ್ ಎಂದಿತು, ನೀರು ಬಂತು. ಬೆಳಿಗ್ಗೆ ನೋಡಿದರೆ ಬ್ರಶ್ಶಿನಿಂದ ನಿಂಬೆ ಉಪ್ಪಿನ ನೀರು ತೊಟ್ಟಿಕ್ಕಿದ ಕಡೆ ಫರಸಿಯ ಹೊಳಪು ಹೋಗಿ, ರೂಪಾಯಿ ಅಗಲದ ಮೂರು ಮಂಕು ಕಲೆಗಳು ಉಳಿದಿದ್ದವು.