ಆರ್‌ಎನ್ ಸಂಖ್ಯೆ ಜಾಕೆಟಿನ ಜಾತಕವಲ್ಲ

ಪ್ರಶ್ನೆ: ನನ್ನ ಸೋದರಮಾವ 1982ರಲ್ಲಿ ಡೆಟ್ರಾಯ್ಟ್‌ನಿಂದ ಊರಿಗೆ ಬಂದಾಗ ತಂದ ಕಪ್ಪು ಚರ್ಮದ ಬೈಕ್ ಜಾಕೆಟ್ ಈಗ ನನ್ನ ಬಳಿ ಇದೆ. ಓರೆ ಜಿಪ್, ಸೊಂಟದ ಬೆಲ್ಟ್, ಭುಜಪಟ್ಟಿ ಎಲ್ಲವೂ ಇವೆ. ಒಳಗಿನ ಲೇಬಲ್‌ನಲ್ಲಿ ಕಂಪನಿಯ ಹೆಸರು ಅಳಿಸಿಹೋಗಿದೆ. ಆದರೆ ಆರ್‌ಎನ್ ಎಂಬ ಅಕ್ಷರಗಳ ಮುಂದೆ ಐದಂಕಿಯ ಸಂಖ್ಯೆ ಸ್ಪಷ್ಟವಾಗಿದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಸೂತ್ರಕ್ಕೆ ಅದನ್ನು ಹಾಕಿದರೆ 1961 ಎಂದು ಬಂತು. ಹಾಗಾದರೆ ಇದು 1961ರ ಜಾಕೆಟ್ ತಾನೇ? ಕುದುರೆ ಚರ್ಮದ್ದು ಎಂದೂ ಮಾವ ಹೇಳುತ್ತಿದ್ದರು.

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಹಳೆಯ ಜಾಕೆಟ್‌ಗಳ ರಿಪೇರಿಗೆ ಕೈಹಾಕಿದಂದಿನಿಂದ ನನ್ನನ್ನು ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಇದೇ. ಕಂಪನಿ ಬೇರೆ, ಬಣ್ಣ ಬೇರೆ, ಮಾವನ ಬದಲು ಚಿಕ್ಕಪ್ಪ. ಸೂತ್ರ ಮಾತ್ರ ಅದೇ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸಬಹುದು.

ಮೊದಲು ಸೂತ್ರ ಏನೆಂದು ನೋಡೋಣ. ಆರ್‌ಎನ್ ಸಂಖ್ಯೆಯಿಂದ 13670 ಕಳೆಯಿರಿ, ಉಳಿದದ್ದನ್ನು 2635ರಿಂದ ಭಾಗಿಸಿ, ಬಂದದ್ದಕ್ಕೆ 1959 ಕೂಡಿಸಿ. ಜಾಕೆಟಿನ ವರ್ಷ ಸಿದ್ಧ! ನೋಡುವುದಕ್ಕೆ ಬಹಳ ಗಂಭೀರವಾಗಿದೆ. ಮೂಲದಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ, ತೊಂದರೆ ಇರುವುದೇ ಅಲ್ಲಿ. ಅಮೆರಿಕದಲ್ಲಿ ಬಟ್ಟೆ ತಯಾರಿಸುವ, ಆಮದು ಮಾಡುವ, ಮಾರುವ ಕಂಪನಿಗಳಿಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನೋಂದಣಿ ಸಂಖ್ಯೆ ಕೊಡುತ್ತದೆ, ಆರ್‌ಎನ್ ಎಂದರೆ ಅದೇ. ಲೇಬಲ್‌ನಲ್ಲಿ ಕಂಪನಿಯ ಪೂರ್ತಿ ಹೆಸರು ಹಾಕುವ ಬದಲು ಆ ಸಂಖ್ಯೆ ಹಾಕಿದರೆ ಸಾಕು. ಉಣ್ಣೆ ಬಟ್ಟೆಗಳ ಕಾಯ್ದೆಯಡಿ 1941ರಿಂದ ಡಬ್ಲ್ಯುಪಿಎಲ್ ಎಂಬ ಹೆಸರಿನಲ್ಲಿ ಇಂಥ ಸಂಖ್ಯೆಗಳನ್ನು ಕೊಡುತ್ತಿದ್ದರು. 1959ರಿಂದ ಅದೇ ಎಣಿಕೆ ಆರ್‌ಎನ್ ಹೆಸರಿನಲ್ಲಿ 13670ರಿಂದ ಮುಂದುವರಿಯಿತು. ವರ್ಷಕ್ಕೆ ಸರಾಸರಿ ಇಷ್ಟು ಸಂಖ್ಯೆ ಕೊಟ್ಟಿರಬಹುದು ಎಂದು ಯಾರೋ ಲೆಕ್ಕ ಹಾಕಿ ಸೂತ್ರ ಕಟ್ಟಿದರು. ಆ ಲೆಕ್ಕ ಹೇಳುವುದು, ಅದೂ ಸುಮಾರಾಗಿ, ಕಂಪನಿಗೆ ಸಂಖ್ಯೆ ಸಿಕ್ಕ ವರ್ಷವನ್ನು. ಜಾಕೆಟ್ ಹೊಲಿದ ವರ್ಷವನ್ನಲ್ಲ.

ನಿಮ್ಮ ಅಡುಗೆಮನೆಯ ಉಪ್ಪಿನಕಾಯಿ ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಕೂಡಿ ಕಳೆದು ಈ ಮಾವಿನಮಿಡಿ ಯಾವ ವರ್ಷ ಉಪ್ಪಿಗೆ ಬಿದ್ದದ್ದು ಎಂದು ಹೇಳುತ್ತೀರಾ? ಲೈಸೆನ್ಸ್ ಅಂಗಡಿಯದು, ಉಪ್ಪಿನಕಾಯಿಯದಲ್ಲ. ಆರ್‌ಎನ್ ಕೂಡ ಹಾಗೆಯೇ. ಒಮ್ಮೆ ಕೊಟ್ಟರೆ ಅದೇ ಸಂಖ್ಯೆ ದಶಕಗಟ್ಟಲೆ ನಡೆಯುತ್ತದೆ.

ಇಷ್ಟು ಹೇಳಿದರೂ ತಲೆಯಾಡಿಸಿ, ಮರುದಿನ ಮತ್ತೆ ಸೂತ್ರ ಹಿಡಿದು ಬರುವವರನ್ನು ಕಂಡಿದ್ದೇನೆ. ಅಂಥವರಿಗೆ ನಾನು ಮಾಡಿಸುವ ಪ್ರಯೋಗ ಇದು. ಬೆಂಗಳೂರಿನವರಿಗೆ ಇನ್ನೂ ಸುಲಭ, ಏಕೆಂದರೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ದಿನವಿಡೀ ಹೊಲಿಯುವುದೇ ಇಂಥ ಲೇಬಲ್‌ಗಳನ್ನು. ಮನೆಯಲ್ಲಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯಿಂದ ತಂದ ಗ್ಯಾಪ್ ಕಂಪನಿಯ ಅಂಗಿ ಇದ್ದರೆ ಪಕ್ಕದ ಹೊಲಿಗೆಯೊಳಗಿನ ಲೇಬಲ್ ತಿರುಗಿಸಿ ನೋಡಿ. ಆರ್‌ಎನ್ 54023 ಎಂದಿರುತ್ತದೆ. ಅದಕ್ಕೆ ಸೂತ್ರ ಹಾಕಿ: 54023ರಿಂದ 13670 ಕಳೆದರೆ 40353. ಅದನ್ನು 2635ರಿಂದ ಭಾಗಿಸಿದರೆ ಹದಿನೈದು ಚಿಲ್ಲರೆ. 1959ಕ್ಕೆ ಕೂಡಿಸಿದರೆ 1974. ಹೋದ ದೀಪಾವಳಿಗೆ ಕೊಂಡ ಅಂಗಿ ನಿಮ್ಮ ಕಣ್ಣೆದುರೇ ತುರ್ತುಪರಿಸ್ಥಿತಿಗಿಂತ ಹಿಂದಿನದಾಯಿತು! ಲೀವೈಸ್‌ನದು ಇನ್ನೂ ಚೆನ್ನ. ಅವರ ಸಂಖ್ಯೆ ಡಬ್ಲ್ಯುಪಿಎಲ್ 423, ಉಣ್ಣೆ ಕಾಯ್ದೆಯ ಕಾಲದ್ದು. ಆ ಸಂಖ್ಯೆ ತೋರಿಸಿ, ಮೊನ್ನೆ ಮೊನ್ನೆಯ ಜೀನ್ಸ್ ಜಾಕೆಟನ್ನು ಎರಡನೇ ಮಹಾಯುದ್ಧದ ಸಾಮಾನು ಎಂದು ಮಾರಲು ಹೊರಟವರನ್ನು ನಾನೇ ನೋಡಿದ್ದೇನೆ.

ಇನ್ನೊಂದು ತೊಡಕಿದೆ. ಸಂಖ್ಯೆ ಹೊಲಿದವನದೇ ಆಗಬೇಕೆಂದಿಲ್ಲ. ಆಮದು ಮಾಡಿದವನದಾಗಬಹುದು, ಮಾರಿದ ಅಂಗಡಿಯದಾಗಬಹುದು. ಪೂರ್ತಿ ಹೆಸರು ಹಾಕಿದರೆ ಸಂಖ್ಯೆಯೇ ಬೇಕಿಲ್ಲ. ಆದ್ದರಿಂದ 'ಆರ್‌ಎನ್ ಇಲ್ಲ, ಹಾಗಾದರೆ 1959ಕ್ಕಿಂತ ಹಳೆಯದು' ಎಂಬ ಉಲ್ಟಾ ತರ್ಕವೂ ನಿಲ್ಲುವುದಿಲ್ಲ. ಇದೆಲ್ಲಕ್ಕೂ ಮೇಲೆ, ಈ ಸಂಖ್ಯೆಗಳು ಹುಟ್ಟಿದ ಕಾನೂನುಗಳು ನೂಲು, ಉಣ್ಣೆ, ತುಪ್ಪಳಕ್ಕೆ ಸಂಬಂಧಿಸಿದವು. ಚರ್ಮ ಅವುಗಳ ಲೆಕ್ಕದಲ್ಲೇ ಇಲ್ಲ. ಚರ್ಮದ ಜಾಕೆಟಿನಲ್ಲಿ ಇಂಥ ಲೇಬಲ್ ಕಾಣಿಸುವುದು ಹೆಚ್ಚಾಗಿ ಒಳಗಿನ ಲೈನಿಂಗ್ ಬಟ್ಟೆಯ ದೆಸೆಯಿಂದ. ಲೈನಿಂಗ್ ಹರಿದು ಹೊಸದು ಹಾಕಿಸುವಾಗ ಲೇಬಲ್ ಕಸದ ಬುಟ್ಟಿ ಸೇರಿದ ಎಷ್ಟೋ ಜಾಕೆಟ್‌ಗಳು ಇಂದು ಅನಾಮಧೇಯವಾಗಿ ತಿರುಗುತ್ತಿವೆ.

ಹಾಗಾದರೆ ಈ ಮೂಢನಂಬಿಕೆ ಏಕೆ ಸಾಯುವುದಿಲ್ಲ? ಭಾಗಾಕಾರ ಮಾಡಿದಾಗ ಒಂದು ನಿಖರ ಇಸವಿ ಬರುತ್ತದೆ. ಇಸವಿ ಬಂದರೆ ಮನಸ್ಸಿಗೆ ಸಮಾಧಾನ. ಜೊತೆಗೆ, ಮಾರುವವನಿಗೆ ಅದು ಯಾವಾಗಲೂ ಅನುಕೂಲ. ಸೂತ್ರ ತಪ್ಪಿದಾಗಲೆಲ್ಲ ಜಾಕೆಟನ್ನು ಹಳೆಯದು ಮಾಡುವ ಕಡೆಗೇ ತಪ್ಪುತ್ತದೆ, ಹೊಸದು ಮಾಡುವುದು ಬಲು ಅಪರೂಪ. ಹಾಗೆಂದು ಆರ್‌ಎನ್ ದಂಡ ಎಂದು ನಾನು ಹೇಳುತ್ತಿಲ್ಲ. ಕಮಿಷನ್‌ನ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಹುಡುಕಿದರೆ ಕಂಪನಿಯ ಹೆಸರು ಉಚಿತವಾಗಿ ಸಿಗುತ್ತದೆ. ನಿಮ್ಮ ಲೇಬಲ್‌ನಲ್ಲಿ ಅಳಿಸಿಹೋದದ್ದು ಹೆಸರು ತಾನೇ? ಅದಕ್ಕೆ ಬಳಸಿ.

ಈಗ ನೀವು ಕಳಿಸಿದ ಚಿತ್ರಗಳಿಗೆ ಬರೋಣ. ಉತ್ತರ ನಿಮ್ಮ ಲೇಬಲ್‌ನಲ್ಲೇ ಇತ್ತು, ನೀವು ಓದಲಿಲ್ಲ. ಆರ್‌ಎನ್ ಕೆಳಗಿನ ಮಸುಕಾದ ಸಾಲಿನಲ್ಲಿ ನ್ಯೂಯಾರ್ಕ್ ಎಂದಿದೆ, ಅದರ ಮುಂದೆ ಐದಂಕಿಯ ಅಂಚೆ ಸಂಖ್ಯೆ ಇದೆ. ಅಮೆರಿಕದಲ್ಲಿ ಐದಂಕಿಯ ಜಿಪ್ ಕೋಡ್ ಬಂದದ್ದು 1963ರ ಜುಲೈ 1ರಂದು. ಅದಕ್ಕೆ ಮೊದಲು, 1943ರಿಂದ, ದೊಡ್ಡ ಊರುಗಳಿಗೆ ಒಂದೆರಡು ಅಂಕಿಯ ವಲಯ ಸಂಖ್ಯೆ ಇತ್ತು: 'ನ್ಯೂಯಾರ್ಕ್ 3' ಎಂಬ ಹಾಗೆ. ಇದು ನಮಗೆ ಹೊಸದೇನಲ್ಲ. ಹಳೆಯ ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ 'ಬೆಂಗಳೂರು-4', 'ಬೆಂಗಳೂರು-18' ಎಂದಿರುವುದನ್ನು ಕಂಡಿದ್ದೀರಿ. 560ರಿಂದ ಶುರುವಾಗುವ ಪಿನ್ ಬಂದದ್ದು 1972ರ ನಂತರ. ಇಸವಿ ಹಾಕದ ಪುಸ್ತಕದ ಕಾಲವನ್ನು ಹೀಗೆ ಅಂದಾಜು ಮಾಡುವವರು ನಮ್ಮಲ್ಲೇ ಇದ್ದಾರೆ. ಜಾಕೆಟಿಗೂ ಅದೇ ವಿದ್ಯೆ. ನಿಮ್ಮದು 1963ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಒಂದೇ ಲೇಬಲ್, ಒಂದೇ ಬೆರಳಿನಗಲದ ಜಾಗ, ಮೇಲಿನ ಸಾಲಿಗೆ ಹಾಕಿದ ಸೂತ್ರವನ್ನು ಕೆಳಗಿನ ಸಾಲು ಸುಳ್ಳು ಮಾಡಿದೆ.

ಇನ್ನು ಜಿಪ್. ಮುಂಭಾಗದ್ದು ಟ್ಯಾಲನ್ ಕಂಪನಿಯದು, ಎಡತೋಳಿನದೂ ಟ್ಯಾಲನ್, ಬಲತೋಳಿನದು ಮಾತ್ರ ವೈಕೆಕೆ ಕಂಪನಿಯದು. 'ವೈಕೆಕೆ ಇದೆ, ಹಾಗಾದರೆ ಎಂಬತ್ತರ ದಶಕದ್ದಿರಬಹುದೇ' ಎಂದು ನೀವೇ ಕೊನೆಯಲ್ಲಿ ಅನುಮಾನಪಟ್ಟಿದ್ದೀರಿ. ಆ ತೋಳಿನ ಹತ್ತಿರದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಜಿಪ್ ಅಂಚಿನ ಹೊಲಿಗೆಯ ಪಕ್ಕದಲ್ಲಿ, ಅಕ್ಕಿಕಾಳಿನ ಅಗಲ ಬಿಟ್ಟು, ದಾರವಿಲ್ಲದ ಇನ್ನೊಂದು ಸಾಲು ಸೂಜಿತೂತುಗಳಿವೆ. ಬಟ್ಟೆಯಾದರೆ ಎರಡು ಸಲ ಒಗೆದರೆ ತೂತು ಮುಚ್ಚಿಕೊಳ್ಳುತ್ತದೆ. ಚರ್ಮಕ್ಕೆ ಆ ಗುಣವಿಲ್ಲ. ಒಮ್ಮೆ ಸೂಜಿ ಇಳಿದ ಜಾಗ ಶಾಶ್ವತವಾಗಿ ತೂತೇ. ಯಾರೋ ಹಳೆಯ ಜಿಪ್ ಬಿಚ್ಚಿ ಬೇರೆ ಹಾಕಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮುಂಭಾಗದ ಜಿಪ್ಪಿನ ಉದ್ದಕ್ಕೂ ಒಂದೇ ಸಾಲು ತೂತು. ಅದು ಹುಟ್ಟಿನಿಂದ ಬಂದದ್ದು. ಜಿಪ್ಪಿನ ಹೆಸರು ಓದುವ ಮೊದಲು ತೂತು ಎಣಿಸಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ.

ಟ್ಯಾಲನ್ ಎಂದ ತಕ್ಷಣ ಐವತ್ತರ ದಶಕ ಎನ್ನುವವರಿಗೆ ಚುಟುಕಾಗಿ: ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿನ ಹುಕ್‌ಲೆಸ್ ಫಾಸ್ಟನರ್ ಕಂಪನಿ ತನ್ನ ಹೆಸರನ್ನೇ ಟ್ಯಾಲನ್ ಎಂದು ಬದಲಿಸಿಕೊಂಡದ್ದು 1937ರಲ್ಲಿ. ಆಮೇಲೆ ದಶಕಗಟ್ಟಲೆ ಅದೇ ಹೆಸರಿನ ಜಿಪ್ ಬಂದಿದೆ. ರನ್ನರ್‌ನ ಆಕಾರ, ಎಳೆಯುವ ನಾಲಿಗೆಯ ವಿನ್ಯಾಸ, ಕೆಳಗಿನ ಪೆಟ್ಟಿಗೆ ಇವನ್ನು ನೋಡಬೇಕು, ಬರೀ ಹೆಸರನ್ನಲ್ಲ. ಯುದ್ಧಕಾಲದಲ್ಲಿ ಹಿತ್ತಾಳೆ ಮದ್ದುಗುಂಡಿಗೆ ಹೋದದ್ದರಿಂದ ಉಕ್ಕು, ಸತುವಿನ ಜಿಪ್‌ಗಳು ಬಂದವು. ವೈಕೆಕೆ ಜಪಾನಿನದು, ಜಾರ್ಜಿಯಾದ ಮೇಕನ್‌ನಲ್ಲಿ ಅದರ ಕಾರ್ಖಾನೆ ಶುರುವಾದದ್ದು 1974ರಲ್ಲಿ, ಅಮೆರಿಕದ ಜಾಕೆಟ್‌ಗಳಲ್ಲಿ ಅದು ಸಾಮಾನ್ಯವಾದದ್ದು ಆ ಸುಮಾರಿನಿಂದ. ಕಾನ್‌ಮಾರ್, ಕ್ರೌನ್ ಎಂಬ ಹೆಸರು ಕಂಡರೆ ನನಗೆ ಇನ್ನೊಂದು ಚಿತ್ರ ಕಳಿಸಿ, ನೋಡುವುದಕ್ಕೆ ಖುಷಿಯಾಗುತ್ತದೆ. ಲೈಟ್ನಿಂಗ್ ಎಂದಿದ್ದರೆ ಜಾಕೆಟ್ ಬಹುಶಃ ಇಂಗ್ಲೆಂಡಿನದು, ಅದಕ್ಕೆ ಆರ್‌ಎನ್ ಪುರಾಣವೇ ಬೇಡ.

ಕೆಲವೊಮ್ಮೆ ಅದೃಷ್ಟ ಒಲಿಯುತ್ತದೆ. ಹಾರ್ಲೆ ಡೇವಿಡ್‌ಸನ್ ಲೇಬಲ್‌ನಲ್ಲಿ ಎಎಂಎಫ್ ಎಂಬ ಮೂರಕ್ಷರ ಇದ್ದರೆ 1969ರಿಂದ 1981ರ ನಡುವಿನದು ಎಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಆ ಕಂಪನಿಯ ಒಡೆತನ ಎಎಂಎಫ್ ಕೈಯಲ್ಲಿ ಇದ್ದದ್ದು ಅಷ್ಟೇ ಕಾಲ. ಸೂತ್ರ ಬೇಡ, ಭಾಗಾಕಾರ ಬೇಡ.

ಮಧ್ಯೆ ಒಂದು ಮಾತು. ನಿಮ್ಮ ಪತ್ರದ ವಿಷಯದ ಸಾಲಿನಲ್ಲಿ ಈ ಜಾಕೆಟನ್ನು ಪರ್ಫೆಕ್ಟೊ ಎಂದು ಕರೆದಿದ್ದೀರಿ. ಓರೆ ಜಿಪ್ ಇದ್ದದ್ದೆಲ್ಲ ಪರ್ಫೆಕ್ಟೊ ಅಲ್ಲ. ಅದು ನ್ಯೂಯಾರ್ಕ್‌ನ ಶಾಟ್ ಬ್ರದರ್ಸ್ ಕಂಪನಿಯ ಹೆಸರು. 1913ರಲ್ಲಿ ಶುರುವಾದ ಆ ಕಂಪನಿಯ ಅರ್ವಿಂಗ್ ಶಾಟ್ 1928ರಲ್ಲಿ ಬೈಕ್ ಜಾಕೆಟ್ ತಂದಾಗ ತಮಗೆ ಇಷ್ಟವಾದ ಚುಟ್ಟದ ಹೆಸರನ್ನೇ ಅದಕ್ಕೆ ಇಟ್ಟರು. ಬೆಲೆ ಐದೂವರೆ ಡಾಲರ್. ಡೆಟ್ರಾಯ್ಟ್‌ನ ಬ್ಯೂಕೊ, ನ್ಯೂಯಾರ್ಕ್‌ನ ಬೆಕ್, ಸಿಯರ್ಸ್ ಅಂಗಡಿಯವರ ಹರ್ಕ್ಯುಲಿಸ್, ಎಲ್ಲವೂ ಬೇರೆ ಬೇರೆ. ಡಾಲ್ಡಾ ಎಂದರೆ ವನಸ್ಪತಿ ಎಂದು ನಾವೂ ಮಾಡಿಕೊಂಡಿಲ್ಲವೇ, ಹಾಗಾಗಿದೆ.

ಈಗ ಕುದುರೆ. ನೀವು ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ, ಮಾವ ಹೇಳಿದ್ದೆಂದು ತಿಳಿಸಿದಿರಿ ಅಷ್ಟೇ. ಆದರೂ ಬಿಡಲು ಮನಸ್ಸಿಲ್ಲ. ಅಮೆರಿಕದ ಹಳೆಯ ಜಾಕೆಟ್‌ಗಳು ಕುದುರೆ ಚರ್ಮದವು ಎಂಬ ಮಾತು ನಿಜ. ಶೋಕಿಗಾಗಿ ಹಾಗೆ ಮಾಡಿದ್ದಲ್ಲ. ಹೊಲ ಉಳಲು, ಗಾಡಿ ಎಳೆಯಲು 1920ರ ಸುಮಾರಿಗೆ ಆ ದೇಶದಲ್ಲಿ ಎರಡೂವರೆ ಕೋಟಿಯಷ್ಟು ಕುದುರೆ, ಹೇಸರಗತ್ತೆಗಳಿದ್ದವು. ಸತ್ತವುಗಳ ಚರ್ಮ ಅಗ್ಗವಾಗಿ ಸಿಗುತ್ತಿತ್ತು. ಟ್ರ್ಯಾಕ್ಟರ್ ಬಂತು, ಲಾರಿ ಬಂತು. 1960ರ ಹೊತ್ತಿಗೆ ಉಳಿದದ್ದು ಮೂವತ್ತು ಲಕ್ಷದ ಆಸುಪಾಸು. ಕೊಟ್ಟಿಗೆ ಖಾಲಿಯಾದಂತೆ ಜಾಕೆಟ್ ಹೊಲಿಯುವವರು ದನದ ಚರ್ಮಕ್ಕೆ ತಿರುಗಿದರು. ಹಳೆಯ ಲೇಬಲ್‌ಗಳಲ್ಲಿ 'ಕುದುರೆಯ ಮುಂಭಾಗದ ಚರ್ಮ' ಎಂದು ಹೆಮ್ಮೆಯಿಂದ ಬರೆದಿರುತ್ತಿದ್ದರು. ಹಿಂಭಾಗದ, ಪೃಷ್ಠದ ಚರ್ಮ ಬಿಗಿ. ಅದು ಕಾರ್ಡೊವಾನ್ ಬೂಟುಗಳಿಗೆ ಹೋಗುತ್ತಿತ್ತು.

ಅಂದರೆ ಚರ್ಮವೂ ಒಂದು ಸಾಕ್ಷಿಯೇ, ಗುರುತು ಹಿಡಿಯಲು ಬಂದರೆ. ಭೂತಗನ್ನಡಿ ಹಿಡಿದು ರೋಮರಂಧ್ರ ನೋಡಿ ಕುದುರೆ, ದನ ಎಂದು ತೀರ್ಪು ಕೊಡುವ ಪಂಡಿತರಿದ್ದಾರೆ. ಬಣ್ಣ, ಹೊಳಪು ಬಳಿದು ಇಸ್ತ್ರಿ ಹೊಡೆದ ಚರ್ಮದಲ್ಲಿ ಅದು ಕಣ್ಣಳತೆಗೆ ಸಿಗುವಂಥದ್ದಲ್ಲ. ಮಡಿಕೆಗಳಲ್ಲಿ ಕಪ್ಪು ಸವೆದು ಒಳಗಿನ ಕಂದು ಕಾಣುತ್ತಿದೆ, ಆದ್ದರಿಂದ ಕುದುರೆ ಎಂಬ ವಾದವೂ ಇದೆ. ಅದು ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎಂಬ ಮಾತು, ಪ್ರಾಣಿಯ ಮಾತಲ್ಲ. ದನದ ಚರ್ಮವನ್ನೂ ಹಾಗೆಯೇ ಹದ ಮಾಡಿ ಬಣ್ಣ ಬಳಿಯಬಹುದು. ನಿಮ್ಮ ಜಾಕೆಟಿನ ಮೊಣಕೈ ಮಡಿಕೆ ಸವೆದ ಕಡೆ ಒಳಗೂ ಬೂದುಗಪ್ಪೇ ಇದೆ. ಕಾಲವೂ 1963ರ ಈಚೆಗೆ. ದನದ್ದೇ ಇರಬೇಕು ಎಂದು ನನ್ನ ಅಂದಾಜು. ಮಾವನವರಿಗೆ ಇದನ್ನು ಹೇಳಲೇಬೇಕೆಂದೇನಿಲ್ಲ.

ಒಟ್ಟಿನಲ್ಲಿ 1963ರಿಂದ 1982. ಇದಕ್ಕಿಂತ ಇಕ್ಕಟ್ಟು ಮಾಡಬೇಕೆಂದರೆ ಜಾಕೆಟಿನಿಂದ ಆಗದು, ಮಾವನಿಂದ ಆದೀತು. ಅಮೆರಿಕದಲ್ಲಿ ಅದನ್ನು ತೊಟ್ಟು ತೆಗೆಸಿಕೊಂಡ ಕಲರ್ ಫೋಟೊ ಅವರ ಆಲ್ಬಮ್‌ನಲ್ಲಿ ಇದ್ದೇ ಇರುತ್ತದೆ. ಅಲ್ಲಿನ ಲ್ಯಾಬ್‌ಗಳು ಆ ಕಾಲದಲ್ಲಿ ಫೋಟೊದ ಬಿಳಿ ಅಂಚಿನ ಮೇಲೆ ತೊಳೆದ ತಿಂಗಳು, ವರ್ಷವನ್ನು ಸಣ್ಣದಾಗಿ ಅಚ್ಚು ಹಾಕುತ್ತಿದ್ದದ್ದುಂಟು. ಫೋಟೊ ಸಿಕ್ಕರೆ ಅಂಚು ಕತ್ತರಿಸದೆ ಸ್ಕ್ಯಾನ್ ಮಾಡಿ ಕಳಿಸಿ. ಬಲತೋಳಿನ ಜಿಪ್ ಆಗ ಯಾವುದಿತ್ತು ಎಂಬುದನ್ನೂ ನೋಡಬಹುದು.