ಬಿಸಿಲು ಪುಕ್ಕಟೆ, ಬಡ್ಡಿ ದುಬಾರಿ

ಅರಸೀಕೆರೆ ಕಡೆ ಬಿಸಿಲಿಗೇನೂ ಬರವಿಲ್ಲ. ಅಲ್ಲಿ 1 ಕೋಟಿ ರೂಪಾಯಿ ಸಾಲ ಮಾಡಿ ಸೋಲಾರ್ ಘಟಕ ಹಾಕಿದಿರಿ ಅಂದುಕೊಳ್ಳಿ. ಅವಧಿ 20 ವರ್ಷ. ಬಡ್ಡಿ ಶೇ 5 ಇದ್ದರೆ ವರ್ಷಕ್ಕೆ ಸುಮಾರು 8 ಲಕ್ಷ ಕಟ್ಟಬೇಕು. ಶೇ 12 ಆದರೆ 13.4 ಲಕ್ಷ. ಪ್ಯಾನೆಲ್ ಅದೇ, ಬಿಸಿಲೂ ಅದೇ. ಕರೆಂಟಿನ ಖರ್ಚು ಮಾತ್ರ ಒಂದೂವರೆ ಪಟ್ಟು ದಾಟಿತು.

ಕಲ್ಲಿದ್ದಲು ಸ್ಥಾವರಕ್ಕೆ ವರ್ಷವರ್ಷವೂ ಕಲ್ಲಿದ್ದಲು ಕೊಳ್ಳಬೇಕು. ಸೋಲಾರ್‌ಗೆ ಹೆಚ್ಚುಕಡಿಮೆ ಎಲ್ಲ ಖರ್ಚೂ ಮೊದಲೇ. ಅದಕ್ಕೇ ಬಡ್ಡಿಯ ಏಟು ಅದಕ್ಕೆ ಜಾಸ್ತಿ. ಜರ್ಮನಿಯಲ್ಲಿ ನಮ್ಮಷ್ಟು ಬಿಸಿಲಿಲ್ಲ, ಆದರೆ ಸಾಲ ಅಗ್ಗ. ಸಾಲ ಕೊಡುವವರು ತಮ್ಮ ಭಯಕ್ಕೆ ಕಟ್ಟಿದ ಬೆಲೆಯೂ ಬಡ್ಡಿಯಲ್ಲಿ ಸೇರಿರುತ್ತದೆ.

ಏನು ಭಯ? ಕರೆಂಟು ಕೊಂಡ ಕಂಪನಿ ಸಮಯಕ್ಕೆ ದುಡ್ಡು ಕೊಡದಿದ್ದರೆ? ಸರ್ಕಾರ ಬದಲಾಗಿ ಒಪ್ಪಂದವನ್ನೇ ತಿದ್ದಲು ಹೊರಟರೆ? 2019ರಲ್ಲಿ ಆಂಧ್ರದಲ್ಲಿ ಹಾಗೇ ಆಯಿತು. ಹೊಸ ಸರ್ಕಾರ ಹಳೆಯ ಸೋಲಾರ್, ಗಾಳಿ ವಿದ್ಯುತ್ ದರಗಳನ್ನು ಇಳಿಸಲು ಹೊರಟು, ಹೂಡಿಕೆದಾರರು ಬೆಚ್ಚಿಬಿದ್ದರು. ಡಾಲರ್‌ನಲ್ಲಿ ಸಾಲ ತಂದವರಿಗೆ ರೂಪಾಯಿಯ ಚಿಂತೆ ಬೇರೆ. 2010ರಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು, 2024ರಲ್ಲಿ 83 ದಾಟಿತ್ತು. ಆದಾಯ ರೂಪಾಯಿಯಲ್ಲಿ, ಕಂತು ಡಾಲರ್‌ನಲ್ಲಿ ಅಂದರೆ ಲೆಕ್ಕ ತಪ್ಪದೆ ಇರುತ್ತದಾ?

ಸೊಸೈಟಿಯಲ್ಲಿ ಸಾಲ ಕೇಳಿದರೆ ಜಾಮೀನು ಯಾರು ಅಂತ ಕೇಳುತ್ತಾರಲ್ಲ, ಇಲ್ಲಿನ ಮದ್ದೂ ಅದೇ ಜಾತಿಯದು. ಮಧ್ಯಪ್ರದೇಶದ ರೇವಾದಲ್ಲಿ 750 ಮೆಗಾವಾಟ್‌ನ ಸೋಲಾರ್ ಪಾರ್ಕ್‌ಗೆ ಮೂರು ಸುತ್ತಿನ ಭದ್ರತೆ ಇಟ್ಟರು: ಕೊಳ್ಳುವವರು ದುಡ್ಡು ಕೊಡದಿದ್ದರೆ ತಾನು ಕೊಡುತ್ತೇನೆಂಬ ಬ್ಯಾಂಕಿನ ಖಾತ್ರಿಪತ್ರ (ಲೆಟರ್ ಆಫ್ ಕ್ರೆಡಿಟ್), ಪಾವತಿ ತಡವಾದರೆ ಬಳಸಲು ಒಂದು ನಿಧಿ, ಕೊನೆಗೆ ರಾಜ್ಯ ಸರ್ಕಾರದ ಖಾತ್ರಿ. ಕಡಿಮೆ ದರ ಕೂಗಿದವರಿಗೆ ಕೆಲಸ ಸಿಗುವ 2017ರ ಹರಾಜಿನಲ್ಲಿ ಮೊದಲ ವರ್ಷದ ದರ ಯೂನಿಟ್‌ಗೆ 2.97 ರೂಪಾಯಿಗೆ ಇಳಿಯಿತು. ಹಿಂದಿನ ವರ್ಷ ರಾಜಸ್ಥಾನದಲ್ಲಿ ಬಂದ 4.34 ರೂಪಾಯಿಯೇ ಆಗ ದೊಡ್ಡ ಸುದ್ದಿಯಾಗಿತ್ತು. ಪ್ಯಾನೆಲ್ ಬೆಲೆ ಬಿದ್ದದ್ದೂ ಕಾರಣ, ಎಲ್ಲವನ್ನೂ ಖಾತ್ರಿಯ ಖಾತೆಗೆ ಬರೆಯಬಾರದು. ನಮ್ಮ ಪಕ್ಕದ ತುಮಕೂರಿನ ಪಾವಗಡದಲ್ಲಿ ನೆಲದ ತಕರಾರನ್ನು ಬೇರೆ ದಾರಿಯಲ್ಲಿ ಬಿಡಿಸಿದರು. ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದರು.

ಇದರಲ್ಲಿ ಅಪಾಯ ಮಾಯವಾಗುವುದಿಲ್ಲ, ಹೊರುವವರು ಬದಲಾಗುತ್ತಾರೆ ಅಷ್ಟೇ. ಒಪ್ಪಂದ ಮುರಿಯದಂತೆ ನೋಡಿಕೊಳ್ಳುವುದು ಸರ್ಕಾರದ ಕೈಯಲ್ಲಿದೆ, ಆ ಭಾರ ಅದೇ ಹೊರಲಿ. ಕೆಲಸ ತಡವಾದ ನಷ್ಟ, ಕಳಪೆ ಪ್ಯಾನೆಲ್‌ನ ನಷ್ಟ ಕಂಪನಿಯೇ ತಿನ್ನಬೇಕು. ಅದಕ್ಕೂ ಖಜಾನೆ ಖಾತ್ರಿ ಕೊಟ್ಟರೆ ಲಾಭ ಅವರಿಗೆ, ನಷ್ಟ ನಮಗೆ. ಇದನ್ನು ನಾನಂತೂ ಒಪ್ಪಲಾರೆ.

ಕರೆಂಟು ಮಾಡಲು ಅಲ್ಲ, ಹವಾಮಾನದ ಏಟು ತಡೆದುಕೊಳ್ಳಲು ದುಡ್ಡು ಬೇಕಾದರೆ ಕಷ್ಟ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟವನ್ನೇ ನೋಡಿ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಬೇಕು, ಅದಕ್ಕೆ ಕೆರೆ ಬೇಕು. ಕೆರೆ ತೋಡಲು ದುಡ್ಡು ಹಾಕಿದರೆ ಯೂನಿಟ್ ಲೆಕ್ಕದಲ್ಲಿ ಮಾರಲು ಏನೂ ಇಲ್ಲ, ನಷ್ಟ ತಪ್ಪುತ್ತದೆ ಅಷ್ಟೇ. ಹಾಗಾಗಿ ದೊಡ್ಡ ಹೂಡಿಕೆದಾರರು ಈ ಕಡೆ ತಲೆ ಹಾಕುವುದು ಕಡಿಮೆ. ಉಳಿದದ್ದು ಹವಾಮಾನ ಆಧಾರಿತ ವಿಮೆ. ಅದು ನಿಮ್ಮ ಗಿಡ ನೋಡುವುದಿಲ್ಲ, ಮಳೆಮಾಪಕ ನೋಡುತ್ತದೆ. ಸರ್ವೆ ಬೇಡ, ದುಡ್ಡು ಬೇಗ. ಆದರೆ ಮಲೆನಾಡಿನಲ್ಲಿ ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿದಿರಬೇಕೆಂದಿಲ್ಲ, ಅಲ್ವಾ? ಪಂಚಾಯಿತಿಯ ಮಾಪಕ ಒದ್ದೆಯಾಗಿ ತೋಟ ಒಣಗಿದ್ದರೆ ಪರಿಹಾರ ಬರದು. ಮಾಪಕ ತೋಟಕ್ಕೆ ಹತ್ತಿರವಾದಷ್ಟೂ ಈ ವಿಮೆಯನ್ನು ನಂಬಿ ಸಾಲ ಕೊಡುವುದು ಬ್ಯಾಂಕಿಗೆ ಸುಲಭ.