ಕೊಕ್ಕರೆಯ ಬಿಳಿ ಕಾಲು

ಏಪ್ರಿಲ್ ಬಂತೆಂದರೆ ದಾವಣಗೆರೆಯ ನನ್ನ ಪಶು ಚಿಕಿತ್ಸಾಲಯಕ್ಕೆ ದನ, ಎಮ್ಮೆಗಳ ಜೊತೆ ಹಕ್ಕಿಗಳ ಫೋಟೊಗಳೂ ಬರುತ್ತವೆ. ಹೋದ ಬೇಸಿಗೆಯಲ್ಲಿ ಭದ್ರಾ ನಾಲೆ ಕಡೆಯ ರೈತರೊಬ್ಬರು ಮೊಬೈಲ್ ಮುಂದೆ ಹಿಡಿದರು. "ಡಾಕ್ಟ್ರೇ, ಈ ಕೊಕ್ಕರೆ ಕಾಲು ನೋಡ್ರಿ, ಸುಣ್ಣ ಬಳದಂಗ ಆಗೇತಿ. ರೋಗ ಏನ್ರಿ?"

ಗದ್ದೆಯಲ್ಲಿ ಬಸವನಹುಳು ಹೆಕ್ಕಿ ತಿನ್ನುವ ಬಾಯ್ಕಳಕ ಅದು. ರೋಗ ಏನೂ ಇರಲಿಲ್ಲ. ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಂಡಿತ್ತು. ಹಕ್ಕಿಗಳಿಗೆ ಬೆವರು ಗ್ರಂಥಿ ಇಲ್ಲ. ಹಿಕ್ಕೆಯ ನೀರು ಆರುವಾಗ ಕಾಲಿನ ರಕ್ತದ ಬಿಸಿಯನ್ನು ಎಳೆದುಕೊಳ್ಳುತ್ತದೆ. ತಣಿದ ರಕ್ತ ಮೈಗೆ ಮರಳುತ್ತದೆ. ಕೊನೆಗೆ ಉಳಿಯುವ ಬಿಳಿ ಪುಡಿ ಯೂರಿಕ್ ಆಮ್ಲ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 80 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಮೈಮೇಲೆ ಆರಿಹೋಗಲು ಸುಮಾರು 580 ಬೇಕು. ಮಡಕೆ ನೀರು ತಣ್ಣಗಿರುವುದೂ ಹೀಗೇ ಅಲ್ವಾ?

ನಮ್ಮ ಒಣ ಗಾಳಿಗೆ ಈ ಉಪಾಯ ಒಗ್ಗುತ್ತದೆ. ಕರಾವಳಿಯಲ್ಲಿ ಕಷ್ಟ. ಕುಮಟಾ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತು ನೋಡಿ. ಬಿಸಿಲು ನಮ್ಮೂರಿನಷ್ಟು ಸುಡುವುದಿಲ್ಲ, ಆದರೆ ಬೆವರು ಆರುವುದೇ ಇಲ್ಲ. ಹಾಗಾಗಿ ಅಲ್ಲಿನ ಜೀವಿಗಳು ಕೆಸರನ್ನು ಜಾಸ್ತಿ ನಂಬಿವೆ.

ನೀರು ಇಳಿದಾಗ ಬಯಲಾಗುವ ಕೆಸರಿನ ಮೇಲೆ ಪಿಟೀಲು ಏಡಿಗಳು ಮೇಯುತ್ತವೆ. ಗಂಡಿಗೆ ಇಕ್ಕಳದಂಥ ಒಂದು ಕೈ ಭಾರೀ ದೊಡ್ಡದು. ಹೆಣ್ಣನ್ನು ಕರೆಯಲು ಬೀಸುವ ಆ ಕೈ ಮೈಯ ಬಿಸಿಯನ್ನು ಹೊರಗೆ ಬಿಡುವ ದಾರಿಯೂ ಹೌದು. ಬಿಸಿ ಏರಿದರೆ ಕೆಲವು ಜಾತಿಗಳ ಚಿಪ್ಪಿನ ಬಣ್ಣ ತಿಳಿಯಾಗುತ್ತದೆ. ಸ್ವಲ್ಪ ಹೊತ್ತು ಮೇಯುವುದು, ಬಿಲಕ್ಕೆ ಇಳಿದು ಮೈ ಒದ್ದೆ ಮಾಡಿಕೊಳ್ಳುವುದು, ಮತ್ತೆ ಮೇಲೆ ಬರುವುದು. ಪಕ್ಕದಲ್ಲೇ ಮಡ್‌ಸ್ಕಿಪ್ಪರ್ ಮೀನು ಗುಂಡಿಯ ನೀರಲ್ಲಿ ಮಗ್ಗುಲು ಹೊರಳುತ್ತದೆ. ಅದು ಚರ್ಮದಿಂದಲೂ ಉಸಿರಾಡುವುದರಿಂದ ಮೈ ಒಣಗಿದರೆ ಪ್ರಾಣಕ್ಕೇ ಕುತ್ತು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ನೆರಳು ಇವಕ್ಕೆಲ್ಲ ಛತ್ರಿ.

ಓಡಲಾರದವುಗಳ ಪಾಡು ಬೇರೆ. ಚಿಪ್ಪು ಬಿಗಿಯಾಗಿ ಮುಚ್ಚಿ, ಒಳಗಿನ ನೀರನ್ನೇ ನಂಬಿ ಕಾಯಬೇಕು. 2021ರ ಜೂನ್‌ನಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಬಂಡೆಗಳು 50 ಡಿಗ್ರಿ ದಾಟಿ ಕಾದವು. ಅಲ್ಲಿನ ಕಡಲಂಚಿನಲ್ಲಿ ನೂರು ಕೋಟಿಗೂ ಹೆಚ್ಚು ಜೀವಿಗಳು ಸತ್ತಿರಬಹುದು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಬಂಡೆಗೆ ಅಂಟಿದ ಚಿಪ್ಪುಜೀವಿಗಳೇ ಅದರಲ್ಲಿ ಬಹಳ.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಜೊತೆಗೇ ನಮ್ಮ ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ ಸೇರಿತು. ಅಳಿವೆಯಾಗಲಿ ಕೆರೆಯಾಗಲಿ, ಬಿಸಿಲಲ್ಲಿ ಜೀವ ಉಳಿಸುವುದು ನಡುವಿನ ಆಳದ ನೀರಿಗಿಂತ ಅಂಚಿನ ಕೆಸರು, ಜೊಂಡು, ಮೊಣಕಾಲುದ್ದದ ನೀರು. ನಮ್ಮ ಕಡೆ ಕೆರೆ ಅಭಿವೃದ್ಧಿ ಎಂದರೆ ಮೊದಲು ಅಂಚನ್ನೇ ಕೆದರಿ ಕಲ್ಲು ಕಟ್ಟುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲಿ ಮೊಟ್ಟೆ ಇಟ್ಟು, ಕೆರೆಯಂಚಿಗೆ ಬಂದು ಹೊಟ್ಟೆಯ ಗರಿ ನೆನೆಸಿಕೊಂಡು, ಓಡಿಹೋಗಿ ಮೊಟ್ಟೆಗಳನ್ನು ತಣಿಸುತ್ತದೆ. ಕಾದ ಕಲ್ಲಿನ ಇಳಿಜಾರಿನಲ್ಲಿ ಅದು ಎಲ್ಲಿ ನಿಂತು ನೆನೆಯಬೇಕು? ವಾಕಿಂಗ್ ದಾರಿ ಬೇಕು, ಸರಿ. ಒಂದು ಬದಿಯ ಕೆಸರನ್ನಾದರೂ ಬಿಡಿ.

ಬಿಸಿಲಿಗೆ ಬಿದ್ದ ಹಕ್ಕಿ ಸಿಕ್ಕರೆ ಕೊಕ್ಕು ತೆರೆದು ನೀರು ಸುರಿಯಬೇಡಿ. ಶ್ವಾಸಕ್ಕೆ ಹೋಗಿ ಸಾಯುತ್ತದೆ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಾಕಿ ನೆರಳಲ್ಲಿಡಿ, ಚಿಕ್ಕ ತಟ್ಟೆಯಲ್ಲಿ ನೀರಿಡಿ, ಹತ್ತಿರದ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಕೊಕ್ಕರೆಯಾಗಿದ್ದರೆ ಕಾಲಿನ ಬಿಳಿಯನ್ನು ತೊಳೆಯಲು ಹೋಗಬೇಡಿ.